ಆ ಕುರ್ಚಿ ಪಕ್ಷದ್ದಾ, ಸದನದ್ದಾ?

2023ರ ಮೇ ತಿಂಗಳಲ್ಲಿ ನಮ್ಮ ವಿಧಾನಸಭೆ ಚುನಾವಣೆಯ ಫಲಿತಾಂಶ ಬಂತು. ಕಾಂಗ್ರೆಸ್‌ಗೆ 135, ಬಿಜೆಪಿಗೆ 66, ಜೆಡಿಎಸ್‌ಗೆ 19. ವಾರ ಕಳೆಯುವಷ್ಟರಲ್ಲಿ ಮುಖ್ಯಮಂತ್ರಿ ಪ್ರಮಾಣವಚನ ತೆಗೆದುಕೊಂಡರು. ಜುಲೈನಲ್ಲಿ ಬಜೆಟ್ ಮಂಡನೆ ಆಯಿತು. ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಇಷ್ಟೆಲ್ಲ ಆಗುವಾಗ ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕ ಅಂತ ಒಬ್ಬರು ಇರಲಿಲ್ಲ. ಆರ್. ಅಶೋಕ ಅವರ ಹೆಸರು ಹೊರಬಿದ್ದದ್ದು ನವೆಂಬರ್ 17ಕ್ಕೆ. ಹತ್ತಿರ ಹತ್ತಿರ ಆರು ತಿಂಗಳು ಆ ಜಾಗ ಖಾಲಿ.

ಆಗಿನಿಂದ ಇದು ನನ್ನನ್ನು ಬಿಡದೆ ಕಾಡುತ್ತಿದೆ. ಕುರ್ಚಿ ಖಾಲಿ ಇತ್ತು ಅನ್ನುವುದಕ್ಕಿಂತ, ಅದು ಖಾಲಿ ಇದ್ದದ್ದು ನಮಗ್ಯಾರಿಗೂ ಜಾಸ್ತಿ ತೊಂದರೆ ಅನ್ನಿಸಲಿಲ್ಲವಲ್ಲ ಅನ್ನುವುದು. ಮಂತ್ರಿ ಸ್ಥಾನ ಆರು ತಿಂಗಳು ಖಾಲಿ ಬಿಟ್ಟಿದ್ದರೆ ಎಷ್ಟು ಚರ್ಚೆ ಆಗುತ್ತಿತ್ತು! ಇಲ್ಲಿ ಚರ್ಚೆ ಆದದ್ದೆಲ್ಲ ಒಂದೇ ವಿಷಯ: ಯಾರಾಗ್ತಾರೆ? ರಾಜ್ಯಾಧ್ಯಕ್ಷ ಸ್ಥಾನ ಲಿಂಗಾಯತರಿಗೆ ಹೋದರೆ ಇದು ಒಕ್ಕಲಿಗರಿಗೆ ಬರುತ್ತಾ? ಉತ್ತರ ಕರ್ನಾಟಕಕ್ಕೆ ಏನು ಸಿಕ್ಕಿತು? ನಾನೂ ಆ ಸುದ್ದಿಗಳನ್ನೇ ದಿನಾ ಓದಿದೆ. ಬರ ಬಿದ್ದಿರುವಾಗ ಸರ್ಕಾರವನ್ನು ಕೇಳುವ ಮೊದಲ ಹಕ್ಕು ಯಾರಿಗಿದೆಯೋ ಆ ಮನುಷ್ಯನೇ ಇನ್ನೂ ನೇಮಕ ಆಗಿಲ್ಲ ಅಂತ ಬರೆದದ್ದು ಕಡಿಮೆ.

ಇದು ಬಿಜೆಪಿಯೊಂದರ ತಪ್ಪು ಅಂತ ಹೇಳುವ ಹಾಗಿಲ್ಲ. 2019ರ ಜುಲೈ ಕೊನೆಯಲ್ಲಿ ಯಡಿಯೂರಪ್ಪನವರು ಮುಖ್ಯಮಂತ್ರಿಯಾದರು. ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ ತೀರದ ಊರುಗಳು ನೀರಲ್ಲಿ ಮುಳುಗಿದವು. ಕಾಂಗ್ರೆಸ್ ಸಿದ್ದರಾಮಯ್ಯನವರನ್ನು ವಿರೋಧ ಪಕ್ಷದ ನಾಯಕರನ್ನಾಗಿ ಮಾಡಿದ್ದು ಅಕ್ಟೋಬರ್‌ನಲ್ಲಿ. ಆ ಅಕ್ಟೋಬರ್ ಅಧಿವೇಶನ ನಡೆದದ್ದೂ ಮೂರೇ ದಿನ. ಅದೇ ಅಧಿವೇಶನದಲ್ಲಿ ಖಾಸಗಿ ಟಿವಿ ಚಾನೆಲ್‌ಗಳ ಕ್ಯಾಮೆರಾಗಳನ್ನು ಸದನದೊಳಗೆ ಬಿಡಲಿಲ್ಲ. ಪ್ರವಾಹದಲ್ಲಿ ಮನೆ ಕಳೆದುಕೊಂಡವರ ಪರವಾಗಿ ಮಾತಾಡುವ ಸಮಯ, ಜಾಗ, ಬೆಳಕು, ಮೂರೂ ಒಟ್ಟಿಗೆ ಕಡಿಮೆಯಾಗಿದ್ದವು.

ಗ್ಯಾಲರಿಯಿಂದ ಕಂಡದ್ದು

ಕೆಲವು ವರ್ಷಗಳ ಹಿಂದೆ ಪರಿಚಿತರೊಬ್ಬರು ಶಾಸಕರ ಕಚೇರಿಯಿಂದ ಪಾಸ್ ತರಿಸಿಕೊಟ್ಟಿದ್ದರು. ವಿಧಾನಸೌಧದಲ್ಲಿ ಸಾರ್ವಜನಿಕರ ಗ್ಯಾಲರಿಗೆ ಹೋಗಿ ಕೂತೆ. ಮೊಬೈಲ್ ಕೆಳಗೇ ಇಸಿದುಕೊಂಡಿದ್ದರು. ಕಾಲ ಮೇಲೆ ಕಾಲು ಹಾಕಬೇಡಿ ಎಂದು ಸಿಬ್ಬಂದಿಯೊಬ್ಬರು ಬಂದು ಮೆತ್ತಗೆ ಹೇಳಿಹೋದರು. ಪ್ರಶ್ನೋತ್ತರ ನಡೆಯುತ್ತಿತ್ತು. ವಿರೋಧ ಪಕ್ಷದ ಒಬ್ಬ ಶಾಸಕರು, ಮೊದಲ ಸಲ ಗೆದ್ದವರಿರಬೇಕು, ತಮ್ಮ ತಾಲ್ಲೂಕಿನ ಸರ್ಕಾರಿ ಶಾಲೆಗಳ ಕೊಠಡಿ ಸೋರುತ್ತಿರುವ ಬಗ್ಗೆ ಕೇಳಿದರು. ಮಂತ್ರಿಗಳು ಕೈಯಲ್ಲಿದ್ದ ಹಾಳೆ ನೋಡಿಕೊಂಡು ಓದಿದರು: ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ಕೈಗೊಳ್ಳಲಾಗುವುದು. ಈ ವಾಕ್ಯವನ್ನು ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟವರೆಲ್ಲ ಒಮ್ಮೆಯಾದರೂ ಕೇಳಿರುತ್ತಾರೆ. ಶಾಸಕರು ಮತ್ತೆ ಎದ್ದರು. ಮಕ್ಕಳು ಮಳೆಗಾಲದಲ್ಲಿ ಜಗುಲಿಯಲ್ಲಿ ಕೂರುತ್ತಾರೆ ಸಾರ್ ಅಂದರು. ಅದೇ ಉತ್ತರ ಇನ್ನೊಮ್ಮೆ ಬಂತು.

ಆಗ ಮುಂದಿನ ಸಾಲಿನಿಂದ ವಿರೋಧ ಪಕ್ಷದ ನಾಯಕರು ಎದ್ದರು. ಸದನದಲ್ಲಿ ಒಂದು ಪದ್ಧತಿ ಇದೆ. ಸಭಾನಾಯಕರು, ಅಂದರೆ ಮುಖ್ಯಮಂತ್ರಿ, ಎದ್ದರೆ ಉಳಿದವರು ಕೂರುತ್ತಾರೆ. ವಿರೋಧ ಪಕ್ಷದ ನಾಯಕ ಎದ್ದಾಗಲೂ ಹಾಗೇ. ಸಭಾಧ್ಯಕ್ಷರು ಅವರಿಗೆ ಮಾತಾಡಲು ಬಿಡುತ್ತಾರೆ. ಅವತ್ತು ಅವರು ಭಾಷಣ ಏನೂ ಮಾಡಲಿಲ್ಲ. "ಸಭಾಧ್ಯಕ್ಷರೇ, ಎಷ್ಟು ಕೊಠಡಿ, ಯಾವಾಗ? ಇವೆರಡೇ ಹೇಳಲಿ" ಅಂದರು. ಅಷ್ಟೇ. ಅಧಿಕಾರಿಗಳು ಕೂರುವ ಕಡೆ ತಕ್ಷಣ ಓಡಾಟ ಶುರುವಾಯಿತು. ಒಂದು ಚೀಟಿ ಮಂತ್ರಿಗಳ ಕೈಗೆ ಬಂತು. ಆಮೇಲೆ ಇನ್ನೊಂದು. ಕೊನೆಗೆ ಮಂತ್ರಿಗಳು ಒಂದು ಸಂಖ್ಯೆ ಹೇಳಿದರು. ಈ ವರ್ಷದ ಒಳಗೆ ಮಾಡಿಸುತ್ತೇವೆ ಎಂದರು. ಆ ಹೊಸ ಶಾಸಕರು ತಲೆ ತಗ್ಗಿಸಿ ಬರೆದುಕೊಂಡರು. ಕೊಠಡಿ ಕಟ್ಟಿದರೋ ಇಲ್ಲವೋ, ಮಾತಂತೂ ನಡವಳಿಯಲ್ಲಿ ಉಳಿಯಿತು. ಮುಂದಿನ ವರ್ಷ ಅದನ್ನು ಹಿಡಿದು ಕೇಳಬಹುದು.

ಪ್ರಶ್ನೆ ಬದಲಾಗಿರಲಿಲ್ಲ. ಶಾಲೆಗಳೂ ಅವೇ. ಕೇಳಿದ ಕುರ್ಚಿ ಬದಲಾಗಿತ್ತು, ಹಾಗಾಗಿ ಉತ್ತರ ಬದಲಾಯಿತು. ವಿರೋಧ ಪಕ್ಷದ ನಾಯಕನಿಗೆ ಸಂಪುಟ ದರ್ಜೆ ಇದೆ, ಕಾರು ಇದೆ, ಬಂಗಲೆ ಇದೆ. ಒಂದು ರಸ್ತೆ ಮಂಜೂರು ಮಾಡುವ ಅಧಿಕಾರ ಇಲ್ಲ. ಇರುವ ದೊಡ್ಡ ಅಧಿಕಾರ ಇದೊಂದೇ, ಎದ್ದು ನಿಂತು ಕೇಳುವುದು. ಹಿಂದಿನ ಸಾಲಿನಲ್ಲಿ ಕೂತ, ದೊಡ್ಡ ಹೆಸರಿಲ್ಲದ ಶಾಸಕನ ಪ್ರಶ್ನೆಗೂ ತೂಕ ಕೊಡುವುದು.

ಸದನದ ಹೊರಗೂ ಆ ಕುರ್ಚಿಗೆ ಕೆಲಸ ಇದೆ. ರಾಜ್ಯ ಮಾಹಿತಿ ಆಯುಕ್ತರನ್ನು ಆರಿಸುವ ಸಮಿತಿಯಲ್ಲಿ ಮುಖ್ಯಮಂತ್ರಿ, ಒಬ್ಬ ಮಂತ್ರಿ, ಮೂರನೆಯವರು ವಿಧಾನಸಭೆಯ ವಿರೋಧ ಪಕ್ಷದ ನಾಯಕ. ಮಾನವ ಹಕ್ಕುಗಳ ಆಯೋಗದ ಆಯ್ಕೆಯಲ್ಲೂ ಅವರಿದ್ದಾರೆ. 1984ರ ಲೋಕಾಯುಕ್ತ ಕಾಯ್ದೆಯ ಪ್ರಕಾರ ಲೋಕಾಯುಕ್ತರನ್ನು ನೇಮಿಸುವ ಮುಂಚೆ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ, ವಿಧಾನ ಪರಿಷತ್ತಿನ ಸಭಾಪತಿ, ವಿಧಾನಸಭೆಯ ಸಭಾಧ್ಯಕ್ಷರ ಜೊತೆಗೆ ಎರಡೂ ಸದನಗಳ ವಿರೋಧ ಪಕ್ಷದ ನಾಯಕರನ್ನೂ ಕೇಳಬೇಕು. ಸರ್ಕಾರದ ತಪ್ಪು ಹುಡುಕುವ ಸಂಸ್ಥೆಗಳಿಗೆ ಸರ್ಕಾರವೊಂದೇ ಜನರನ್ನು ಹಾಕಬಾರದು ಅನ್ನುವುದು ಇದರ ಹಿಂದಿರುವ ಯೋಚನೆ. ಕುರ್ಚಿ ಖಾಲಿ ಇದ್ದಾಗ ಈ ಕೊಂಡಿಯೂ ಕಳಚಿಕೊಳ್ಳುತ್ತದೆ.

ನಾಗರತ್ನಮ್ಮ, ದೇವೇಗೌಡ

ನಮ್ಮ ರಾಜ್ಯದ ಚರಿತ್ರೆಯಲ್ಲಿ ಈ ಸ್ಥಾನವನ್ನು ನೆನೆದಾಗಲೆಲ್ಲ ನನಗೆ ಮೊದಲು ಎದುರಾಗುವುದು ಈ ಇಬ್ಬರು. 1972ರಲ್ಲಿ ದೇವರಾಜ ಅರಸು ಅವರ ಕಾಂಗ್ರೆಸ್ 216ರಲ್ಲಿ 165 ಗೆದ್ದಿತು. ಎದುರು ಸಾಲಿನಲ್ಲಿ, ಒಡೆದ ಕಾಂಗ್ರೆಸ್‌ನ ಇನ್ನೊಂದು ಬಣವಾದ ಸಂಸ್ಥಾ ಕಾಂಗ್ರೆಸ್‌ನ 24 ಜನ. ಅವರ ನಾಯಕ ಹೊಳೆನರಸೀಪುರದ ಎಚ್.ಡಿ. ದೇವೇಗೌಡರು. ಆಗ ಅವರಿಗೆ ನಲವತ್ತೂ ಆಗಿರಲಿಲ್ಲ. ಸಭಾಧ್ಯಕ್ಷರ ಪೀಠದಲ್ಲಿ ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮನವರು. ಆ ಪೀಠದಲ್ಲಿ ಕೂತ ರಾಜ್ಯದ ಮೊದಲ ಮಹಿಳೆ. ಹದಿಮೂರು ವರ್ಷ ಮುಂದೆ ಬನ್ನಿ. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ 139 ಗೆದ್ದಿತು. ದೇವೇಗೌಡರು ಈಗ ಮಂತ್ರಿ. ಕಾಂಗ್ರೆಸ್ ಎದುರು ಸಾಲಿಗೆ ಹೋಗಿದೆ. ಅದರ ಮುಂದೆ ನಿಂತವರು ಅದೇ ನಾಗರತ್ನಮ್ಮ. ಅಂದು ದೇವೇಗೌಡರಿಗೆ ಮಾತಾಡಲು ಸಮಯ ಕೊಡುತ್ತಿದ್ದವರು, ಇಂದು ದೇವೇಗೌಡರ ಇಲಾಖೆಯನ್ನು ಪ್ರಶ್ನೆ ಕೇಳುವವರು.

ಒಬ್ಬರು ಸಭಾಧ್ಯಕ್ಷರಾಗಿದ್ದು ಆಮೇಲೆ ವಿರೋಧ ಪಕ್ಷದ ನಾಯಕಿಯಾಗುವುದು ಸಣ್ಣ ವಿಷಯ ಅಲ್ಲ. ನಿಯಮದ ಪುಸ್ತಕ ಅವರಿಗೆ ಬಾಯಿಪಾಠ ಇದ್ದೇ ಇರುತ್ತದೆ. ಬೇರೆ ಕಲಾಪ ನಿಲ್ಲಿಸಿ ಒಂದು ತುರ್ತು ವಿಷಯ ಚರ್ಚಿಸಿ ಎಂದು ಕೇಳುವ ನಿಲುವಳಿ ಸೂಚನೆಯನ್ನು ಯಾವಾಗ ತರಬೇಕು, ಸಭಾಧ್ಯಕ್ಷರು ಅದನ್ನು ಕಲಾಪ ನಿಲ್ಲಿಸದೆ ಚರ್ಚಿಸುವ ನಿಯಮ 69ಕ್ಕೆ ಬದಲಾಯಿಸಿ ಚರ್ಚೆಗೆ ಕೊಡುತ್ತೇನೆ ಎಂದರೆ ಒಪ್ಪಬೇಕೋ ಬಿಡಬೇಕೋ, ಯಾವಾಗ ಸಭಾತ್ಯಾಗ ಮಾಡಬೇಕು, ಯಾವಾಗ ಕೂತು ಕೇಳಬೇಕು, ಇವೆಲ್ಲ ಪೀಠದಲ್ಲಿ ಕೂತು ನೋಡಿದವರಿಗೆ ಬೇರೆಯಾಗಿಯೇ ಕಾಣುತ್ತದೆ. ಅವರಿಗಿಂತ ಮುಂಚೆ ಆ ಸ್ಥಾನಕ್ಕೆ ಹೆಣ್ಣುಮಗಳೊಬ್ಬಳು ಬಂದಿರಲಿಲ್ಲ. ಅವರ ನಂತರವೂ ಇವತ್ತಿನವರೆಗೆ ವಿಧಾನಸಭೆಯಲ್ಲಿ ಬಂದಿಲ್ಲ. ಇದನ್ನು ಬರೆಯುವಾಗ ಬೇಸರವಾಗುತ್ತದೆ.

ದೇವೇಗೌಡರ ವಿಷಯದಲ್ಲಿ ಇನ್ನೊಂದು ಮಾತು. ತುರ್ತು ಪರಿಸ್ಥಿತಿಯಲ್ಲಿ ಅವರನ್ನು ಬೆಂಗಳೂರು ಸೆಂಟ್ರಲ್ ಜೈಲಿಗೆ ಹಾಕಿದರು. ಅದೇ ಜೈಲಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಕೂಡ ಇದ್ದರು. ಸದನದಲ್ಲಿ ಸರ್ಕಾರದ ಎದುರು ಕೂರಬೇಕಾದ ಮನುಷ್ಯನನ್ನು ಸರ್ಕಾರವೇ ಒಳಗೆ ಹಾಕಿದ ಕಾಲ ಅದು. ಆ ಕುರ್ಚಿಯ ಬೆಲೆ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಇವರಿಬ್ಬರಿಗಿಂತ ಹಿಂದಿನ ಒಬ್ಬರನ್ನೂ ಇಲ್ಲಿ ನೆನೆಯಬೇಕು. ಶಾಂತವೇರಿ ಗೋಪಾಲಗೌಡರು. 1952ರಲ್ಲಿ, ಆಮೇಲೆ 1962 ಮತ್ತು 1967ರಲ್ಲಿ ಗೆದ್ದು ಬಂದ ಸಮಾಜವಾದಿ. ಅವರ ಹಿಂದೆ ದೊಡ್ಡ ಸಂಖ್ಯೆಯೇನೂ ಇರಲಿಲ್ಲ. 1951ರ ಕಾಗೋಡು ಸತ್ಯಾಗ್ರಹದ ಗೇಣಿದಾರರ ಕೂಗನ್ನು ಅವರು ಸದನಕ್ಕೆ ತಂದರು. ಉಳುವವನಿಗೆ ಭೂಮಿ ಕೊಡಿ ಅಂತ ಕೇಳಿದರು, ಕೇಳುತ್ತಲೇ ಇದ್ದರು. 1972ರಲ್ಲಿ ತೀರಿಕೊಂಡರು. ಭೂಸುಧಾರಣೆಯ ದೊಡ್ಡ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ, ಕಾಂಗ್ರೆಸ್‌ನ ಅರಸು ಸರ್ಕಾರದಲ್ಲಿ. ವಿರೋಧದ ಸಾಲಿನಲ್ಲಿ ಕೇಳಿದ್ದಕ್ಕೆ ಉತ್ತರ ಬರಲು ಇಪ್ಪತ್ತು ವರ್ಷ ಹಿಡಿಯಬಹುದು. ಉತ್ತರ ಕೊಡುವವರು ಎದುರು ಪಕ್ಷದವರೇ ಆಗಿರಬಹುದು. ಕೇಳಿದವರು ಅದನ್ನು ನೋಡಲು ಬದುಕಿರದೆಯೂ ಇರಬಹುದು.

ಶಿರಾ ದಾಟಿದ ಮೇಲೆ

2010ರ ಬೇಸಿಗೆ ಮುಗಿದು ಮಳೆ ಶುರುವಾಗಿತ್ತು. ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಅದಿರು ಲಕ್ಷಗಟ್ಟಲೆ ಟನ್ ಮಾಯವಾದ ಸುದ್ದಿ ಬಂದಿತ್ತು. ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರು ಬೇಸತ್ತು ರಾಜೀನಾಮೆ ಕೊಟ್ಟು, ಆಮೇಲೆ ವಾಪಸ್ ತೆಗೆದುಕೊಂಡಿದ್ದರು. ಜುಲೈ ಅಧಿವೇಶನದಲ್ಲಿ ಕಾಂಗ್ರೆಸ್ ಶಾಸಕರು ಸದನದಲ್ಲೇ ಹಗಲು ರಾತ್ರಿ ಧರಣಿ ಕೂತರು. ಸವಾಲು, ಪ್ರತಿಸವಾಲು ನಡೆಯಿತು. ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯನವರು ಬೆಂಗಳೂರಿನಿಂದ, ಅಕ್ರಮ ಗಣಿಗಾರಿಕೆ ನಡೆಯುತ್ತಿದ್ದ ಬಳ್ಳಾರಿಗೆ ನಡೆದೇ ಹೊರಟರು. ಜುಲೈ 25ಕ್ಕೆ ಹೊರಟು ಆಗಸ್ಟ್ 9ಕ್ಕೆ ಮುಟ್ಟಿದರು. ಸುಮಾರು 320 ಕಿಲೋಮೀಟರ್.

ನಾನು ಅವರನ್ನು ಹೆದ್ದಾರಿಯಲ್ಲಿ ನೋಡಿದೆ. ಶಿರಾ ದಾಟಿದ ಮೇಲೆ, ರಸ್ತೆ ಪಕ್ಕದ ಒಂದು ಹೋಟೆಲಿನ ಮುಂದೆ ಬಸ್ಸು ನಿಂತುಬಿಟ್ಟಿತ್ತು. ಇಳಿದು ನೋಡಿದರೆ ಎದುರಿಗೆ ಜನವೋ ಜನ. ಬಾವುಟ, ತಮಟೆ, ಟವೆಲ್ ತಲೆಗೆ ಸುತ್ತಿಕೊಂಡವರು. ಹಿಂದೆ ಸಾಲುಗಟ್ಟಿ ನಿಂತ ಲಾರಿಗಳು. ನನ್ನ ಪಕ್ಕದಲ್ಲಿ ಒಬ್ಬ ಅಜ್ಜ ನಿಂತಿದ್ದರು. ಕೈಯಲ್ಲಿ ಎರಡು ಕುರಿಯ ಹಗ್ಗ. "ಇವ್ರೇನಪ್ಪ, ಮಂತ್ರಿನಾ?" ಅಂತ ಕೇಳಿದರು. ಅಲ್ಲ ಅಜ್ಜ, ಸರ್ಕಾರದ ಎದುರಿಗೆ ಕೂರೋರು, ಗಣಿ ವಿಷಯ ಕೇಳೋಕೆ ಬಳ್ಳಾರಿಗೆ ಹೋಗ್ತಿದ್ದಾರೆ ಅಂದೆ. "ಕೇಳೋಕೆ ಅಷ್ಟು ದೂರ ನಡೀತಾರಾ?" ಅಂದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕುರಿಗಳನ್ನು ಎಳೆದುಕೊಂಡು ಆ ಜನರ ಜೊತೆಯೇ ಒಂದಷ್ಟು ದೂರ ನಡೆದರು. ಅವರ ಊರು ಆ ಕಡೆಯೇ ಇತ್ತೋ ಏನೋ. ನನಗೆ ಅವತ್ತು ಮೈ ಜುಮ್ಮೆಂದದ್ದು ನಿಜ. ನಾನು ಆ ಪಕ್ಷದವನಲ್ಲ, ಯಾವ ಪಕ್ಷದವನೂ ಅಲ್ಲ. ಸದನದಲ್ಲಿ ಕೇಳಿದ ಪ್ರಶ್ನೆ ಬೀದಿಗೆ ಇಳಿದು ಬಂದಿತ್ತು. ಅದನ್ನು ಕಣ್ಣಾರೆ ನೋಡಿದೆ.

ಮುಂದಿನ ವರ್ಷ, 2011ರ ಜುಲೈ 27ರಂದು, ಲೋಕಾಯುಕ್ತ ವರದಿ ಬಂತು. ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕೆ 16,085 ಕೋಟಿ ರೂಪಾಯಿ ನಷ್ಟ ಎಂದಿತು. ಜುಲೈ 31ಕ್ಕೆ ಯಡಿಯೂರಪ್ಪನವರು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 2013ರಲ್ಲಿ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾದರು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. 2016ರಲ್ಲಿ ಅದೇ ಸಿದ್ದರಾಮಯ್ಯನವರ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ, ನಾವು ಎಸಿಬಿ ಅನ್ನುತ್ತಿದ್ದೆವಲ್ಲ, ಅದನ್ನು ಮಾಡಿತು. ಲೋಕಾಯುಕ್ತ ಪೊಲೀಸರ ಕೈಯಲ್ಲಿದ್ದ ಭ್ರಷ್ಟಾಚಾರ ಕೇಸುಗಳ ತನಿಖೆ ಹೊಸ ದಳಕ್ಕೆ ಹೋಯಿತು. ಆ ದಳ ಇದ್ದದ್ದು ಸರ್ಕಾರದ ಕೆಳಗೆ. ಲೋಕಾಯುಕ್ತ ಹಲ್ಲಿಲ್ಲದ ಹಾವಿನಂತಾಯಿತು. ಗಣಿ ಹಗರಣವನ್ನು ಲೋಕಾಯುಕ್ತರ ಕೆಲಸದ ಬಲದ ಮೇಲೆ ಎತ್ತಿ ಹಿಡಿದವರೇ ಹೀಗೆ ಮಾಡಿದ್ದು ನನಗೆ ಬಹಳ ನೋವು ಕೊಟ್ಟಿತು. ಎದುರು ಸಾಲಿನಲ್ಲಿದ್ದ ಬಿಜೆಪಿ ಇದನ್ನು ಜೋರಾಗಿಯೇ ವಿರೋಧಿಸಿತು. ಸರಿಯಾಗಿಯೇ ವಿರೋಧಿಸಿತು. 2019ರಲ್ಲಿ ಅವರು ಅಧಿಕಾರಕ್ಕೆ ಬಂದರು. ಎಸಿಬಿ ಹಾಗೇ ಮುಂದುವರಿಯಿತು. ಕೊನೆಗೆ ಅದನ್ನು ರದ್ದು ಮಾಡಿದ್ದು ಹೈಕೋರ್ಟ್, 2022ರ ಆಗಸ್ಟ್‌ನಲ್ಲಿ.

ಕಾಯುವ ಜಾಗ

ದೇವೇಗೌಡ, ವೀರಪ್ಪ ಮೊಯಿಲಿ, ಯಡಿಯೂರಪ್ಪ, ಜಗದೀಶ ಶೆಟ್ಟರ್, ಸಿದ್ದರಾಮಯ್ಯ. ಇವರೆಲ್ಲ ವಿರೋಧ ಪಕ್ಷದ ನಾಯಕರಾಗಿದ್ದು ಆಮೇಲೆ ಮುಖ್ಯಮಂತ್ರಿಯಾದವರು. ಹಾಗಾಗಿ ಆ ಕುರ್ಚಿ ಅಂದರೆ ಮುಖ್ಯಮಂತ್ರಿ ಆಗುವ ಮುಂಚೆ ಕಾಯುವ ಜಾಗ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಪಕ್ಷಗಳ ತಲೆಯಲ್ಲೂ ಅದೇ ಇದೆ. ಅದಕ್ಕೇ ನೇಮಕಕ್ಕೆ ಅಷ್ಟು ಲೆಕ್ಕಾಚಾರ, ಅಷ್ಟು ತಡ. ಇವತ್ತು ಇವರನ್ನು ಕೂರಿಸಿದರೆ ನಾಳೆ ಇವರೇ ಮುಖ್ಯಮಂತ್ರಿ ಅಭ್ಯರ್ಥಿ ಅಂತ ಆಗುತ್ತದಲ್ಲ ಅನ್ನುವ ಭಯ. ಕಾಯುವ ಜಾಗದಲ್ಲಿ ಕೂತವನು ಪ್ರಶ್ನೆ ಕೇಳುವುದು ಸರ್ಕಾರ ಬೀಳಿಸಲಿಕ್ಕೆ. ಉತ್ತರ ಸಿಗಲೇಬೇಕು ಅನ್ನುವ ಹಟ ಅವನಿಗೆ ಇರಬೇಕಾಗಿಲ್ಲ. ತಾನು ಆ ಕಡೆ ಹೋದ ಮೇಲೆ ಆ ಪ್ರಶ್ನೆಗೆ ತಾನೇ ಉತ್ತರ ಕೊಡಬೇಕು ಅಂತಲೂ ಅನ್ನಿಸುವುದಿಲ್ಲ. ಎಸಿಬಿ ವಿಷಯದಲ್ಲಿ ಎರಡೂ ಪಕ್ಷಗಳು ನಡೆದುಕೊಂಡದ್ದು ಹೀಗೇ ಅಂತ ನನ್ನ ಅಭಿಪ್ರಾಯ.

ಮಲ್ಲಿಕಾರ್ಜುನ ಖರ್ಗೆಯವರದ್ದು ಬೇರೆ ದಾರಿ. 1996ರಿಂದ 1999ರವರೆಗೆ, ಮತ್ತೆ 2008ರಿಂದ 2009ರವರೆಗೆ, ಎರಡು ಸಲ ವಿಧಾನಸಭೆಯಲ್ಲಿ ಆ ಸ್ಥಾನದಲ್ಲಿದ್ದರು. ಮುಖ್ಯಮಂತ್ರಿ ಆಗಲಿಲ್ಲ. 2014ರಲ್ಲಿ ಲೋಕಸಭೆಯಲ್ಲಿ ಕಾಂಗ್ರೆಸ್ ನಾಯಕರಾದರು. ಪಕ್ಷಕ್ಕೆ ಬಂದದ್ದು 44 ಸೀಟು. ಸದನದ ಒಟ್ಟು ಸ್ಥಾನಗಳ ಹತ್ತನೇ ಒಂದು ಭಾಗ, ಅಂದರೆ 55 ಇಲ್ಲ ಎಂದು ಅಧಿಕೃತ ಸ್ಥಾನ ಕೊಡಲಿಲ್ಲ. ಲೋಕಪಾಲ್ ಆಯ್ಕೆ ಸಮಿತಿಗೆ "ವಿಶೇಷ ಆಹ್ವಾನಿತ" ಎಂದು ಕರೆದರು. ಅವರು ಹೋಗಲಿಲ್ಲ. ಮತ ಹಾಕುವ ಹಕ್ಕಿಲ್ಲದೆ ಅಲ್ಲಿ ಹೋಗಿ ಸುಮ್ನೆ ಕೂತು ಬರುವುದರಲ್ಲಿ ಏನಿದೆ? 2021ರಲ್ಲಿ ರಾಜ್ಯಸಭೆಯಲ್ಲಿ ಆ ಸ್ಥಾನ ಸಿಕ್ಕಿತು.

ಈ ಹತ್ತನೇ ಒಂದು ಭಾಗದ ಲೆಕ್ಕ ಎಲ್ಲ ಕಡೆ ಒಂದೇ ರೀತಿ ನಡೆಯುತ್ತಿಲ್ಲ. ದೆಹಲಿ ವಿಧಾನಸಭೆಯಲ್ಲಿ 2015ರಲ್ಲಿ 70ಕ್ಕೆ 3 ಗೆದ್ದ ಬಿಜೆಪಿಯ ವಿಜೇಂದರ್ ಗುಪ್ತಾ ಅವರಿಗೆ ಸ್ಥಾನ ಕೊಟ್ಟರು. ಆಂಧ್ರದಲ್ಲಿ 2024ರಲ್ಲಿ 175ಕ್ಕೆ 11 ಗೆದ್ದ ವೈಎಸ್‌ಆರ್ ಕಾಂಗ್ರೆಸ್‌ನ ಜಗನ್ ಮೋಹನ್ ರೆಡ್ಡಿ ಅವರಿಗೆ ಕೊಡಲಿಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ ಅದೇ ವರ್ಷ 288ರಲ್ಲಿ ಯಾವ ವಿರೋಧ ಪಕ್ಷಕ್ಕೂ 29 ಬರಲಿಲ್ಲ, ಅಲ್ಲೂ ಕುರ್ಚಿ ಖಾಲಿ. ನಮ್ಮಲ್ಲಿ 2013ರಲ್ಲಿ ಬಿಜೆಪಿ, ಜೆಡಿಎಸ್ ಎರಡಕ್ಕೂ ತಲಾ 40 ಬಂದಾಗ ಮೊದಲು ಎಚ್.ಡಿ. ಕುಮಾರಸ್ವಾಮಿ ಆ ಸ್ಥಾನದಲ್ಲಿದ್ದರು. ಯಡಿಯೂರಪ್ಪನವರು ಬಿಜೆಪಿ ಬಿಟ್ಟು ಕಟ್ಟಿದ್ದ ಕೆಜೆಪಿ ಮತ್ತೆ ಬಿಜೆಪಿಗೆ ಸೇರಿದ ಮೇಲೆ, 2014ರಲ್ಲಿ, ಅದು ಶೆಟ್ಟರ್ ಅವರಿಗೆ ಹೋಯಿತು. ಸಂಖ್ಯೆ ಇಲ್ಲದೆ ಖಾಲಿ ಇರುವುದು ಬೇರೆ. ನಮ್ಮಲ್ಲಿ 2023ರಲ್ಲಿ 66 ಜನ ಇದ್ದರು. ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ.

ದಿನಗಳೇ ಇಲ್ಲದಿದ್ದರೆ

ಕುರ್ಚಿ ತುಂಬಿದ ತಕ್ಷಣ ಎಲ್ಲ ಸರಿಹೋಗುತ್ತದೆ ಅಂತ ನಾನು ನಂಬುವುದಿಲ್ಲ. 2023ರ ಜುಲೈನಲ್ಲಿ ಉಪಸಭಾಧ್ಯಕ್ಷರ ಕಡೆ ಕಾಗದ ಎಸೆದರು ಎಂದು ಬಿಜೆಪಿಯ 10 ಶಾಸಕರು ಅಮಾನತಾದರು. ಆಗ ನಾಯಕ ಇರಲಿಲ್ಲ. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಸಭಾಧ್ಯಕ್ಷರು ಎರಡೂ ಕಡೆಯವರನ್ನು ತಮ್ಮ ಕೊಠಡಿಗೆ ಕರೆದು ಮಾತಾಡಿಸುತ್ತಾರೆ. ಪಕ್ಷದಲ್ಲಿ ಹಿರಿಯರಿದ್ದರು ನಿಜ. ಆದರೆ ಇಡೀ ಗುಂಪಿನ ಪರವಾಗಿ "ಆಯ್ತು, ಇಲ್ಲಿಗೆ ನಿಲ್ಲಿಸೋಣ" ಎನ್ನುವ ಅಧಿಕಾರ ಒಬ್ಬರ ಕೈಯಲ್ಲಿ ಇರಲಿಲ್ಲ. ಸರಿ, 2025ರ ಮಾರ್ಚ್‌ನಲ್ಲಿ ನಾಯಕರು ಇದ್ದರು. ಆಗಲೂ 18 ಶಾಸಕರನ್ನು ಆರು ತಿಂಗಳಿಗೆ ಅಮಾನತು ಮಾಡಿದರು. ಮೇ ತಿಂಗಳಲ್ಲಿ ಅದನ್ನು ವಾಪಸ್ ಪಡೆದರು. ಸಭಾಧ್ಯಕ್ಷರ ಪೀಠದ ಮುಂದಿನ ಬಾವಿಗಿಳಿಯುವುದು, ಮಾರ್ಷಲ್‌ಗಳು ಎತ್ತಿಕೊಂಡು ಹೋಗುವುದು, ಟಿವಿಯಲ್ಲಿ ದಿನವಿಡೀ ಅದನ್ನೇ ತೋರಿಸುವುದು. ಸೋರುವ ಶಾಲೆಯ ಪ್ರಶ್ನೆ ಕೇಳಬೇಕಾದ ಶಾಸಕನ ಸರದಿ ಅವತ್ತು ಬರುವುದೇ ಇಲ್ಲ.

ಸಮಿತಿಗಳ ಕಥೆಯೂ ಇದೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ವಿರೋಧ ಪಕ್ಷದವರು ಅಧ್ಯಕ್ಷರಾಗುವುದು ಪದ್ಧತಿ. 2020ರ ಮೇ ತಿಂಗಳಲ್ಲಿ ಎಚ್.ಕೆ. ಪಾಟೀಲರ ಅಧ್ಯಕ್ಷತೆಯ ಸಮಿತಿ ಕೋವಿಡ್ ಸಾಮಗ್ರಿ ಖರೀದಿಯನ್ನು ಪರಿಶೀಲಿಸಲು ಸ್ಥಳಕ್ಕೆ ಹೋಗಲು ಹೊರಟಿತ್ತು. ಸಭಾಧ್ಯಕ್ಷರು ಸಮಿತಿಗಳ ಸ್ಥಳ ಪರಿಶೀಲನೆಯನ್ನೇ ತಡೆದರು. ಸೋಂಕಿನ ಕಾರಣ ಇರಬಹುದು. ಆದರೆ ಜನರ ದುಡ್ಡು ಅತಿ ವೇಗವಾಗಿ ಖರ್ಚಾಗುವ ಹೊತ್ತಿನಲ್ಲೇ ಲೆಕ್ಕ ನೋಡುವ ಕಣ್ಣು ಹೆಚ್ಚು ಬೇಕಲ್ವಾ?

ನಮ್ಮಲ್ಲಿ 2005ರ ಒಂದು ಕಾಯ್ದೆ ಇದೆ. ವಿಧಾನಮಂಡಲ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕು ಎಂದು ಅದು ಹೇಳುತ್ತದೆ. ಸದನ ತಾನೇ ಮಾಡಿದ ಕಾಯ್ದೆ. ಆ 60 ಮುಟ್ಟುವುದು ಅಪರೂಪ. ಕೇಳುವುದೊಂದೇ ಅಧಿಕಾರ ಇರುವವನಿಗೆ ಕೇಳುವ ದಿನಗಳನ್ನೇ ಕಡಿಮೆ ಮಾಡಿದರೆ ಅವನು ಪತ್ರಿಕಾಗೋಷ್ಠಿಗೆ ಹೋಗುತ್ತಾನೆ, ಫೇಸ್‌ಬುಕ್‌ಗೆ ಹೋಗುತ್ತಾನೆ. ಅಲ್ಲಿ ಮಂತ್ರಿ ಉತ್ತರ ಕೊಡಬೇಕಾಗಿಲ್ಲ. ಅಧಿಕಾರಿಗಳು ಚೀಟಿ ಕಳಿಸಬೇಕಾಗಿಲ್ಲ. ನಡವಳಿಯಲ್ಲಿ ಏನೂ ದಾಖಲಾಗುವುದಿಲ್ಲ. 1881ರಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾದಾಗ ಪ್ರತಿನಿಧಿಗಳಿಗೆ ಮತ ಹಾಕುವ ಅಧಿಕಾರ ಇರಲಿಲ್ಲ. ದಸರಾ ಹೊತ್ತಿಗೆ ಬಂದು ದಿವಾನರು ಓದಿದ್ದನ್ನು ಕೇಳಿ, ತಮ್ಮ ಊರಿನ ಕಷ್ಟ ಹೇಳಿ ಹೋಗುತ್ತಿದ್ದರು. ಅಲ್ಲಿಂದ ಇಷ್ಟು ದೂರ ಬಂದ ನಾವು, ಕೇಳುವ ಹಕ್ಕನ್ನು ಹೀಗೆ ಸವೆಯಲು ಬಿಡಬಾರದು.

ನನಗೆ ಬೇಕಾಗಿರುವುದು ದೊಡ್ಡ ಸುಧಾರಣೆ ಏನಲ್ಲ. ಅದೇ 2005ರ ಕಾಯ್ದೆಗೆ ಒಂದು ಸಾಲು ಸೇರಿಸಬಹುದು. ಹೊಸ ಸರ್ಕಾರ ಬಂದ ಮೇಲೆ ಮೊದಲ ಬಜೆಟ್ ಮಂಡನೆಗೆ ಮುಂಚೆ ವಿರೋಧ ಪಕ್ಷ ತನ್ನ ನಾಯಕನ ಹೆಸರನ್ನು ಸಭಾಧ್ಯಕ್ಷರಿಗೆ ಬರೆದು ಕೊಡಬೇಕು. ಕೊಡದಿದ್ದರೆ ಆ ಪಕ್ಷದ ಶಾಸಕರಲ್ಲಿ ಹೆಚ್ಚು ಸಲ ಗೆದ್ದು ಬಂದವರನ್ನು ಸಭಾಧ್ಯಕ್ಷರು ಆ ಅಧಿವೇಶನದ ಮಟ್ಟಿಗೆ ಕೂರಿಸಬಹುದು. ಪಕ್ಷದ ಹೈಕಮಾಂಡ್ ಆಮೇಲೆ ನಿಧಾನವಾಗಿ ತನ್ನ ಲೆಕ್ಕ ಮಾಡಿಕೊಳ್ಳಲಿ. ಮುಂದಿನ ವಿಧಾನಸಭೆ ಚುನಾವಣೆ 2028ರಲ್ಲಿ. ಯಾರು ಸೋಲುತ್ತಾರೋ ಗೊತ್ತಿಲ್ಲ, ಹಾಗಾಗಿ ಇಂಥ ತಿದ್ದುಪಡಿ ತರಲು ಇದೇ ಒಳ್ಳೆಯ ಸಮಯ. ನಿಮ್ಮ ಕ್ಷೇತ್ರದ ಶಾಸಕರು ಯಾವ ಪಕ್ಷದವರೇ ಆಗಿರಲಿ, ಸಿಕ್ಕಾಗ ಈ ಒಂದು ವಿಷಯ ಕೇಳಿ ನೋಡಿ. ನಾನು ನಮ್ಮ ಶಾಸಕರಿಗೆ ಪತ್ರ ಬರೆದಿದ್ದೇನೆ.